ಬಾಯಿಯ ಫಂಗಸ್ ಸೋಂಕು: ದಂತವೈದ್ಯರು ಏನು ನೋಡುತ್ತಾರೆ, ಏನು ಬರೆದುಕೊಡುತ್ತಾರೆ, ನೀವು ಹೇಗೆ ಬಳಸಬೇಕು

ನಾಲಿಗೆಯ ಮೇಲೆ ಬಿಳಿ ಪೊರೆ ಕಟ್ಟಿದೆಯೆಂದು, ಖಾರ ತಗುಲಿದರೆ ಅಂಗುಳು ಉರಿಯುತ್ತದೆಯೆಂದು, ಕಟವಾಯಿ ಒಡೆದದ್ದು ವಾರಗಳಾದರೂ ಮಾಯುತ್ತಿಲ್ಲವೆಂದು ದಂತವೈದ್ಯರ ಬಳಿಗೆ ಬರುವವರಲ್ಲಿ ಅನೇಕರ ತೊಂದರೆಯ ಮೂಲ ಒಂದೇ ಆಗಿರುತ್ತದೆ. ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಕ್ಯಾಂಡಿಡಾ ಹೊರಗಿನಿಂದ ನುಗ್ಗಿ ಬಂದದ್ದೇನೂ ಅಲ್ಲ. ಬಹಳಷ್ಟು ಆರೋಗ್ಯವಂತರ ಬಾಯಿಯಲ್ಲೂ ಅದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಜೊಲ್ಲು, ದೇಹದ ರೋಗನಿರೋಧಕ ಶಕ್ತಿ ಮತ್ತು ಬಾಯಿಯಲ್ಲಿರುವ ಇತರ ಸೂಕ್ಷ್ಮಜೀವಿಗಳು ಸೇರಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಇವುಗಳಲ್ಲಿ ಯಾವುದೋ ಒಂದು ಸಡಿಲವಾದಾಗ ಅದು ಮಿತಿಮೀರಿ ಬೆಳೆಯುತ್ತದೆ. ಆದ್ದರಿಂದ ಈ ಸೋಂಕಿಗೆ ಔಷಧಿ ಬರೆದುಕೊಡುವುದು ಚಿಕಿತ್ಸೆಯ ಅರ್ಧ ಭಾಗ ಮಾತ್ರ. ಶಿಲೀಂಧ್ರಕ್ಕೆ ಜಾಗ ಸಿಕ್ಕಿದ್ದು ಹೇಗೆ ಎಂದು ಪತ್ತೆಹಚ್ಚಿ ಅದನ್ನು ಸರಿಪಡಿಸುವುದು ಉಳಿದರ್ಧ. ಈ ಎರಡನೆಯ ಭಾಗವನ್ನು ಬಿಟ್ಟವರು ಎರಡು ಮೂರು ತಿಂಗಳಲ್ಲಿ ಅದೇ ದೂರಿನೊಂದಿಗೆ ಮರಳಿ ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ದಂತವೈದ್ಯರನ್ನು ಕಾಣುವ ಮೊದಲು

ಬಿಳಿ ಪೊರೆಯನ್ನು ಬ್ರಷ್ಷಿನಿಂದಲೋ ಉಗುರಿನಿಂದಲೋ ಕೆರೆದು ತೆಗೆಯಬೇಡಿ. ಅದು ಹೇಗಿದೆಯೋ ಹಾಗೆಯೇ ವೈದ್ಯರ ಕಣ್ಣಿಗೆ ಬೀಳಲಿ. ಮನೆಯಲ್ಲಿ ಉಳಿದಿರುವ ಹುಣ್ಣಿನ ಮುಲಾಮು ಹಚ್ಚಬೇಡಿ, ಏಕೆಂದರೆ ಬಾಯಿಹುಣ್ಣಿಗೆಂದು ಕೊಡುವ ಹಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಅದು ಉರಿಯನ್ನು ಒಂದೆರಡು ದಿನ ತಗ್ಗಿಸಿ, ಒಳಗೊಳಗೇ ಫಂಗಸ್ ಬೆಳೆಯಲು ಅನುಕೂಲ ಮಾಡಿಕೊಡುತ್ತದೆ. ಇದಕ್ಕಿಂತಲೂ ದೊಡ್ಡ ತಪ್ಪೆಂದರೆ ಸೋಂಕು ಎಂಬ ಪದ ಕೇಳಿದೊಡನೆ ಆಂಟಿಬಯೋಟಿಕ್ ನುಂಗುವುದು. ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆಯೇ ಹೊರತು ಶಿಲೀಂಧ್ರವನ್ನಲ್ಲ. ಪೈಪೋಟಿ ಕೊಡುತ್ತಿದ್ದ ಬ್ಯಾಕ್ಟೀರಿಯಾಗಳು ಸತ್ತಾಗ ಕ್ಯಾಂಡಿಡಾಗೆ ಮೈದಾನ ಖಾಲಿಯಾಗುತ್ತದೆ. ನಾಲಿಗೆ ಕೆಂಪಾಗಿ ನುಣುಪಾಗಿ ಉರಿಯುವ ಒಂದು ಬಗೆಯ ಸೋಂಕು ಆಂಟಿಬಯೋಟಿಕ್ ಸೇವನೆಯ ಬೆನ್ನಿಗೇ ಬರುವುದು ಇದೇ ಕಾರಣಕ್ಕೆ.

ಹೋಗುವಾಗ ನೀವು ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನೋ ಆ ಮಾತ್ರೆಗಳ ಸ್ಟ್ರಿಪ್ಪುಗಳನ್ನೇ ಕೈಚೀಲದಲ್ಲಿ ಹಾಕಿಕೊಂಡೋ ಹೋಗಿ. ಇನ್‌ಹೇಲರ್ ಇದ್ದರೆ ಅದನ್ನೂ, ತೆಗೆದು ಹಾಕುವ ಕಟ್ಟುಹಲ್ಲಿನ ಸೆಟ್ ಇದ್ದರೆ ಅದನ್ನೂ ಒಯ್ಯಬೇಕು. ಹಲ್ಲಿನ ವೈದ್ಯರಿಗೆ ಹೃದಯದ ಮಾತ್ರೆಯ ವಿಷಯ ಏಕೆ ಎಂದು ಅನೇಕರು ಸುಮ್ಮನಾಗುತ್ತಾರೆ. ಅದೇಕೆ ಬೇಕು ಎಂಬುದು ಮುಂದೆ ಔಷಧಿಗಳ ಮಾತು ಬಂದಾಗ ತಿಳಿಯುತ್ತದೆ.

ಕುರ್ಚಿಯಲ್ಲಿ ನಡೆಯುವ ಪರೀಕ್ಷೆ

ದಂತವೈದ್ಯರು ಒಂದು ಗಾಜ್ ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡು ಕೆನ್ನೆಯ ಒಳಭಾಗದ ಬಿಳಿ ಮಚ್ಚೆಯನ್ನು ಮೆಲ್ಲಗೆ ಒರೆಸಿ ನೋಡುತ್ತಾರೆ. ಒಡೆದ ಹಾಲಿನ ಗಿಣ್ಣಿನಂತಿರುವ ಆ ಬಿಳುಪು ಬಟ್ಟೆಗೆ ಅಂಟಿಕೊಂಡು ಬಂದು, ಕೆಳಗೆ ಕೆಂಪಾದ, ಕೆಲವೊಮ್ಮೆ ಸಣ್ಣಗೆ ರಕ್ತ ಜಿನುಗುವ ಜಾಗ ಕಂಡರೆ ಅದು ಬಹುಮಟ್ಟಿಗೆ ಕ್ಯಾಂಡಿಡಾದ ಪೊರೆಯೇ. ಎಷ್ಟು ಒರೆಸಿದರೂ ಬಾರದಿದ್ದರೆ ಯೋಚನೆಯ ದಿಕ್ಕು ಬದಲಾಗುತ್ತದೆ: ಬಾಯಿಯಲ್ಲಿ ಬಿಳಿ ಮಚ್ಚೆ ಮೂಡಿಸುವ ಲೈಕೆನ್ ಪ್ಲೇನಸ್, ಲ್ಯುಕೋಪ್ಲೇಕಿಯಾ ಎಂಬ ಬೇರೆ ತೊಂದರೆಗಳು ಅಥವಾ ಕ್ಯಾಂಡಿಡಾದ್ದೇ ಆದ ದಪ್ಪ ಬಗೆಯ ಸೋಂಕು ಇರಬಹುದು. ಈ ದಪ್ಪ ಬಗೆ ಹೆಚ್ಚಾಗಿ ಧೂಮಪಾನಿಗಳಲ್ಲಿ, ಕಟವಾಯಿಗೆ ಹೊಂದಿಕೊಂಡ ಕೆನ್ನೆಯ ಒಳಭಾಗದಲ್ಲಿ ಕಾಣಿಸುತ್ತದೆ. ಮುಂದೆ ಕ್ಯಾನ್ಸರ್ ಆಗಿ ತಿರುಗುವ ಸಂಭವ ಇರುವುದರಿಂದ ಚಿಕ್ಕ ಚೂರನ್ನು ತೆಗೆದು ಬಯಾಪ್ಸಿ ಪರೀಕ್ಷೆ ಮಾಡಿಸುವುದು ಅಗತ್ಯ. ಇಲ್ಲಿ ಬರೀ ಜೆಲ್ ಕೊಟ್ಟು ಕಳುಹಿಸುವುದು ಸರಿಯಾದ ಚಿಕಿತ್ಸೆಯಲ್ಲ, ಬಯಾಪ್ಸಿ ಬೇಕೆಂದರೆ ರೋಗಿ ಹೆದರಿ ಮುಂದೂಡುವುದೂ ಸರಿಯಲ್ಲ.

ಎಲ್ಲ ಫಂಗಸ್ ಸೋಂಕೂ ಬೆಳ್ಳಗಿರಬೇಕೆಂದಿಲ್ಲ. ಕಟ್ಟುಹಲ್ಲು ಧರಿಸುವವರಲ್ಲಿ ಅದು ಕೆಂಪಾಗಿಯೇ ಇರುತ್ತದೆ. ಮೇಲಿನ ಸೆಟ್ಟನ್ನು ಕಳಚಿದಾಗ ಅಂಗುಳಿನ ಮೇಲೆ, ಆ ತಟ್ಟೆ ಎಲ್ಲಿಯವರೆಗೆ ಮುಚ್ಚಿತ್ತೋ ಅಲ್ಲಿಯವರೆಗೆ, ಗೆರೆ ಕೊರೆದಂತೆ ಕೆಂಪು ನಿಂತಿರುತ್ತದೆ. ತಟ್ಟೆಯ ಅಂಚು ದಾಟಿದೊಡನೆ ಸಹಜವಾದ ನಸುಗೆಂಪು ಬಣ್ಣ. ಅಚ್ಚರಿಯೆಂದರೆ ಇಷ್ಟು ಕೆಂಪಾಗಿದ್ದರೂ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ, ಹಾಗಾಗಿ ಅದು ವರ್ಷಗಟ್ಟಲೆ ಗಮನಕ್ಕೆ ಬಾರದೆ ಉಳಿಯುತ್ತದೆ. ನಾಲಿಗೆಯ ನಟ್ಟನಡುವೆ, ಹಿಂಬದಿಗೆ, ವಜ್ರಾಕಾರದ ಕೆಂಪು ನುಣುಪು ಮಚ್ಚೆಯಾಗಿ ಕಾಣುವ ಇನ್ನೊಂದು ಬಗೆಯೂ ಇದೆ.

ನೋಡಿ ಗುರುತಿಸಿದ್ದೇ ಸಾಮಾನ್ಯವಾಗಿ ಚಿಕಿತ್ಸೆ ಆರಂಭಿಸಲು ಸಾಕಾಗುತ್ತದೆ. ಅನುಮಾನ ಇದ್ದಾಗ ಅಥವಾ ಸೋಂಕು ಮರುಕಳಿಸಿದಾಗ ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತಾರೆ ಇಲ್ಲವೇ ಕಲ್ಚರ್ ಪರೀಕ್ಷೆಗೆ, ಎಂದರೆ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಕಳುಹಿಸುತ್ತಾರೆ. ಆರೋಗ್ಯವಂತರ ಬಾಯಿಯಲ್ಲೂ ಕ್ಯಾಂಡಿಡಾ ಇರುವುದರಿಂದ, ಕಲ್ಚರ್‌ನಲ್ಲಿ ಅದು ಬೆಳೆದ ಮಾತ್ರಕ್ಕೆ ರೋಗವಿದೆ ಎಂದು ಅರ್ಥವಲ್ಲ. ವರದಿಯನ್ನು ಬಾಯಿಯ ಸ್ಥಿತಿಯೊಂದಿಗೆ ಹೊಂದಿಸಿ ಓದಬೇಕು.

ಕಾರಣದ ಹುಡುಕಾಟ

ಇಲ್ಲಿ ವೈದ್ಯರು ಕೇಳುವ ಪ್ರಶ್ನೆಗಳು ಹಲ್ಲಿಗೆ ಸಂಬಂಧವೇ ಇಲ್ಲದಂತೆ ತೋರಬಹುದು. ಬಾಯಾರಿಕೆ ಹೆಚ್ಚಾಗಿದೆಯೇ, ರಾತ್ರಿ ಹಲವು ಬಾರಿ ಮೂತ್ರಕ್ಕೆ ಏಳುತ್ತೀರಾ ಎಂಬ ಪ್ರಶ್ನೆ ಮಧುಮೇಹವನ್ನು ಹುಡುಕುವ ಪ್ರಶ್ನೆ. ಬೇಗ ಸುಸ್ತಾಗುತ್ತದೆಯೇ ಎಂಬುದು ರಕ್ತಹೀನತೆಯತ್ತ ಬೊಟ್ಟು ಮಾಡುತ್ತದೆ. ಕಬ್ಬಿಣಾಂಶ, ಫೋಲೇಟ್ ಮತ್ತು ಬಿ12 ವಿಟಮಿನ್‌ನ ಕೊರತೆಯಿಂದ ಬಾಯಿಯ ಲೋಳೆಪೊರೆ ದುರ್ಬಲವಾಗುತ್ತದೆ. ಬಾಯಿ ಒಣಗುತ್ತದೆಯೇ ಎಂದು ಕೇಳುವುದು, ಜೊಲ್ಲು ಕಡಿಮೆಯಾದಲ್ಲಿ ಫಂಗಸ್ ಹೆಚ್ಚುತ್ತದೆ ಎಂಬ ಕಾರಣಕ್ಕೆ. ಖಿನ್ನತೆಗೆ, ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳೂ ತಲೆ ಮತ್ತು ಕುತ್ತಿಗೆಗೆ ಕೊಟ್ಟ ರೇಡಿಯೇಶನ್ನೂ ಬಾಯಿಯನ್ನು ಒಣಗಿಸುತ್ತವೆ. ಧೂಮಪಾನ, ಕೀಮೋಥೆರಪಿ, ದೀರ್ಘಕಾಲದ ಸ್ಟಿರಾಯ್ಡ್ ಸೇವನೆ ಕೂಡ ಈ ಪಟ್ಟಿಯಲ್ಲಿವೆ.

ಇಂಥ ಯಾವ ಕಾರಣವೂ ಕಾಣದ ವಯಸ್ಕರಲ್ಲಿ ಧಾರಾಳವಾಗಿ ಬಿಳಿ ಪೊರೆ ಕಟ್ಟಿದ್ದರೆ, ರಕ್ತದ ಸಕ್ಕರೆಯ ಪರೀಕ್ಷೆಯ ಜೊತೆಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವಂತೆ ದಂತವೈದ್ಯರು ಸಲಹೆ ಕೊಡಬಹುದು. ಇದನ್ನು ಅವಮಾನವೆಂದು ದಯವಿಟ್ಟು ಭಾವಿಸಬೇಡಿ. ರೋಗನಿರೋಧಕ ಶಕ್ತಿ ಕುಗ್ಗಿರುವುದು ಎಷ್ಟೋ ಸಲ ಮೊದಲು ಗೊತ್ತಾಗುವುದೇ ಬಾಯಿಯಲ್ಲಿ, ಮತ್ತು ಬೇಗ ಗೊತ್ತಾದಷ್ಟೂ ರೋಗಿಗೆ ಒಳ್ಳೆಯದು.

ಆಸ್ತಮಾಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಬಳಸುವವರು ಅದನ್ನು ನಿಲ್ಲಿಸುವ ಅಗತ್ಯವಿಲ್ಲ, ನಿಲ್ಲಿಸಲೂಬಾರದು. ಔಷಧಿ ಶ್ವಾಸಕೋಶಕ್ಕೆ ಹೋಗುವ ಬದಲು ಅಂಗುಳು ಗಂಟಲುಗಳಲ್ಲಿ ಕುಳಿತುಬಿಡುವುದೇ ಅಲ್ಲಿನ ಸಮಸ್ಯೆ. ಇನ್‌ಹೇಲರ್‌ನ ಬಾಯಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಬಳಸಿ, ಪ್ರತಿ ಬಾರಿ ಎಳೆದುಕೊಂಡ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ, ಗಂಟಲಲ್ಲಿ ಗಳಗಳಿಸಿ ಉಗುಳಿದರೆ ಸಾಕು, ಅನೇಕರಲ್ಲಿ ಸೋಂಕು ಮತ್ತೆ ಬರುವುದಿಲ್ಲ.

ಬಾಯಿಗೆ ಮಾತ್ರ ತಗುಲುವ ಔಷಧಿಗಳು

ಸೋಂಕು ಸೌಮ್ಯವಾಗಿದ್ದರೆ ನುಂಗಿ ಇಡೀ ದೇಹಕ್ಕೆ ಹರಡುವ ಮಾತ್ರೆಗಿಂತ ಬಾಯಿಯಲ್ಲೇ ಕೆಲಸ ಮಾಡುವ ಔಷಧಿಯಿಂದ ಆರಂಭಿಸುವುದು ವಾಡಿಕೆ.

ಇವುಗಳಲ್ಲಿ ಹಳೆಯದು ನಿಸ್ಟಾಟಿನ್. ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದಾಗ, ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದರಿಂದ ಇದನ್ನು ಪಡೆದು 1950ರಲ್ಲಿ ಪ್ರಕಟಿಸಿದರು. ಔಷಧಿಯ ಹೆಸರಿನಲ್ಲಿರುವುದು ಆ ರಾಜ್ಯದ ಹೆಸರೇ. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ವಸ್ತುವಿಗೆ ಅಂಟಿಕೊಂಡು ಅದು ಪೊರೆಯನ್ನು ತೂತು ಮಾಡುತ್ತದೆ. ಕರುಳು ಅದನ್ನು ಹೆಚ್ಚುಕಡಿಮೆ ಹೀರಿಕೊಳ್ಳುವುದೇ ಇಲ್ಲ. ಆದ್ದರಿಂದ ನುಂಗುವ ಬೇರೆ ಔಷಧಿಗಳ ಜೊತೆ ಅದಕ್ಕೆ ತಿಕ್ಕಾಟವಿಲ್ಲ, ಗರ್ಭಿಣಿಯರಿಗೂ ಮೊದಲು ಯೋಚಿಸುವ ಔಷಧಿ ಅದೇ. ಒಂದು ಮಿಲಿಲೀಟರಿನಲ್ಲಿ 1,00,000 ಯೂನಿಟ್ ಇರುವ ದ್ರವವನ್ನು ವಯಸ್ಕರಿಗೆ 4ರಿಂದ 6 ಮಿಲಿಲೀಟರಿನಂತೆ ದಿನಕ್ಕೆ 4 ಬಾರಿ, 7ರಿಂದ 14 ದಿನ ಕೊಡುವುದು ಒಂದು ಪದ್ಧತಿ; ಪ್ರತಿ ಬಾರಿ 1 ಮಿಲಿಲೀಟರ್ ಮಾತ್ರ ಬರೆಯುವ ದೇಶಗಳೂ ಇವೆ. ನಿಮ್ಮ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟನ್ನೇ ಪಾಲಿಸಿ.

ನಿಸ್ಟಾಟಿನ್ ಸೋಲುವುದು ಹೆಚ್ಚಾಗಿ ಬಳಸುವ ರೀತಿಯಿಂದ. ಕೆಮ್ಮಿನ ಔಷಧಿಯಂತೆ ಗಟಕ್ಕನೆ ಕುಡಿದುಬಿಟ್ಟರೆ ಅದು ಹೊಟ್ಟೆ ಸೇರುತ್ತದೆ, ಅಲ್ಲಿ ಅದಕ್ಕೆ ಕೆಲಸವೇ ಇಲ್ಲ. ಊಟವಾದ ಮೇಲೆ ಬಾಯಿ ತೊಳೆದು, ಕಟ್ಟುಹಲ್ಲು ತೆಗೆದಿಟ್ಟು, ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಅರ್ಧದಷ್ಟನ್ನು ಎಡಗೆನ್ನೆಯ ಕಡೆಗೂ ಇನ್ನರ್ಧವನ್ನು ಬಲಗೆನ್ನೆಯ ಕಡೆಗೂ ಬಿಟ್ಟುಕೊಳ್ಳಿ. ನಾಲಿಗೆಯಿಂದ ಅದನ್ನು ಅಂಗುಳಿಗೆ, ಕೆನ್ನೆಗೆ, ತುಟಿಯ ಒಳಗೆ ಆಡಿಸುತ್ತ ಸಾಧ್ಯವಾದಷ್ಟು ಹೊತ್ತು, ಕೆಲವು ನಿಮಿಷಗಳಾದರೂ, ಬಾಯಲ್ಲೇ ಇಟ್ಟುಕೊಂಡಿರಿ. ಆಮೇಲೆ ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ ಇರುವುದು ಒಳ್ಳೆಯದು. ಮಚ್ಚೆಗಳು ಮಾಯವಾದ ಮೇಲೂ ಕನಿಷ್ಠ 48 ಗಂಟೆ ಮುಂದುವರಿಸಬೇಕು. ಈ ದ್ರವಗಳಲ್ಲಿ ಹಲವಕ್ಕೆ ಸಕ್ಕರೆ ಬೆರೆಸಿರುತ್ತಾರೆ. ಬಾಯಿ ಒಣಗುವ ತೊಂದರೆ ಇರುವವರಿಗೆ ಇದರಿಂದ ಹಲ್ಲು ಹುಳುಕಾಗುವ ಅಪಾಯ ಇದೆಯಾದ್ದರಿಂದ ಸಕ್ಕರೆ ಇಲ್ಲದ್ದು ಸಿಗುವುದೇ ಎಂದು ಕೇಳಿ.

ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ದ್ರವವನ್ನು ಬಹಳ ಜನ ಬಳಸುತ್ತಾರೆ, ಅದಕ್ಕೆ ಫಂಗಸ್ಸನ್ನು ತಡೆಯುವ ಶಕ್ತಿಯೂ ತಕ್ಕಮಟ್ಟಿಗೆ ಇದೆ. ಆದರೆ ನಿಸ್ಟಾಟಿನ್ ಜೊತೆಗೇ ಬಳಸಿದರೆ ಎರಡೂ ಒಂದಕ್ಕೊಂದು ಕೂಡಿಕೊಂಡು ಎರಡರ ಪ್ರಭಾವವೂ ಕುಂದುತ್ತದೆ. ನಡುವೆ ಕನಿಷ್ಠ ಅರ್ಧ ಗಂಟೆಯ ಅಂತರ ಇರಲಿ.

ಬಾಯಲ್ಲಿ ಕರಗಿಸಿಕೊಳ್ಳುವ ಕ್ಲೋಟ್ರಿಮಜೋಲ್ ಬಿಲ್ಲೆ ಇನ್ನೊಂದು ದಾರಿ: 10 ಮಿಲಿಗ್ರಾಮಿನದು, ದಿನಕ್ಕೆ 5 ಬಾರಿ. ಅದನ್ನು ಕಚ್ಚಬಾರದು, ನುಂಗಬಾರದು, ತಾನಾಗಿ ಕರಗಲು ಬಿಡಬೇಕು. ಜೊಲ್ಲೇ ಇಲ್ಲದ ಬಾಯಲ್ಲಿ ಬಿಲ್ಲೆ ಕರಗುವುದು ಕಷ್ಟ, ಹಾಗಾಗಿ ಅಂಥವರಿಗೆ ಇದು ಹೊಂದುವುದಿಲ್ಲ.

ಮೂರನೆಯದು ಮೈಕೋನಜೋಲ್ ಜೆಲ್. ವಯಸ್ಕರಿಗೆ 2.5 ಮಿಲಿಲೀಟರಿನಂತೆ ದಿನಕ್ಕೆ 4 ಬಾರಿ, ಊಟ ತಿಂಡಿಯ ನಂತರ ಬಳಸಿ, ಮಚ್ಚೆಗಳು ಹೋದ ಮೇಲೂ ಒಂದು ವಾರ ಮುಂದುವರಿಸುತ್ತಾರೆ. ಜೆಲ್ ಆದ್ದರಿಂದ ಇದ್ದಲ್ಲಿ ನಿಲ್ಲುತ್ತದೆ ಎಂಬುದು ಇದರ ಗುಣ. ಹಚ್ಚುವ ಔಷಧಿ ತಾನೇ ಎಂಬ ಉದಾಸೀನ ಮಾತ್ರ ಇದರ ವಿಷಯದಲ್ಲಿ ಸಲ್ಲದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಈ ಜೆಲ್ ಬಳಸಿದರೆ ವಾರ್ಫರಿನ್‌ನ ಪ್ರಭಾವ ಏರಿ ಗಂಭೀರ ರಕ್ತಸ್ರಾವ ಆಗಬಹುದು. ಬ್ರಿಟನ್ನಿನ ಔಷಧಿ ನಿಯಂತ್ರಕರು 2016ರಲ್ಲಿ ಈ ಕುರಿತು ಎಚ್ಚರಿಕೆ ಹೊರಡಿಸಿದ್ದರು. ಹೃದಯದ ಮಾತ್ರೆಯ ವಿಷಯ ಮುಚ್ಚಿಡಬೇಡಿ ಎಂದು ನಾನು ಆಗಲೇ ಹೇಳಿದ್ದು ಇದಕ್ಕಾಗಿ.

ನುಂಗುವ ಮಾತ್ರೆ ಯಾವಾಗ

ಸೋಂಕು ಬಾಯಿಯ ತುಂಬ ಹರಡಿದ್ದರೆ, ಹಚ್ಚುವ ಔಷಧಿಯಿಂದ ತಗ್ಗದಿದ್ದರೆ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಫ್ಲುಕೋನಜೋಲ್ ಬರೆಯುತ್ತಾರೆ. ಅದು ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ ದಿನಕ್ಕೆ ಒಂದೇ ಬಾರಿ ಸಾಕು. ದಿನಕ್ಕೆ 100ರಿಂದ 200 ಮಿಲಿಗ್ರಾಮಿನಂತೆ 7ರಿಂದ 14 ದಿನ ಎಂಬುದು ಮಧ್ಯಮದಿಂದ ತೀವ್ರ ಸೋಂಕಿಗೆ ಅನುಸರಿಸುವ ಪ್ರಮಾಣ. 50 ಮಿಲಿಗ್ರಾಮಿನಿಂದ ಆರಂಭಿಸುವ ಪದ್ಧತಿಯೂ ಇದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.

ಈ ಮಾತ್ರೆ ಪಿತ್ತಜನಕಾಂಗದ ಕೆಲವು ಕಿಣ್ವಗಳ ಕೆಲಸವನ್ನು ತಡೆಯುತ್ತದೆ. ಆ ಕಿಣ್ವಗಳಿಂದ ಕರಗಿ ಹೋಗಬೇಕಾದ ಬೇರೆ ಔಷಧಿಗಳು ಆಗ ರಕ್ತದಲ್ಲಿ ಉಳಿದು ಏರುತ್ತ ಹೋಗುತ್ತವೆ. ವಾರ್ಫರಿನ್‌ನಿಂದ ರಕ್ತಸ್ರಾವ, ಸಿಂವಾಸ್ಟಾಟಿನ್, ಅಟೋರ್ವಾಸ್ಟಾಟಿನ್‌ಗಳಂಥ ಕೊಲೆಸ್ಟರಾಲ್ ಮಾತ್ರೆಗಳಿಂದ ಸ್ನಾಯುಗಳಿಗೆ ಹಾನಿ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ಗಳಂಥ ಸಕ್ಕರೆ ಕಾಯಿಲೆಯ ಮಾತ್ರೆಗಳಿಂದ ಸಕ್ಕರೆ ತೀರಾ ಇಳಿಯುವುದು, ಅಪಸ್ಮಾರದ ಫೆನಿಟಾಯಿನ್ ವಿಷಮಟ್ಟಕ್ಕೆ ಏರುವುದು, ಇವೆಲ್ಲ ಸಾಧ್ಯ. ಹೃದಯದ ಬಡಿತದ ಲಯ ತಪ್ಪಿಸಬಲ್ಲ ಬೇರೆ ಔಷಧಿ ಸೇವಿಸುತ್ತಿರುವವರಲ್ಲೂ ಎಚ್ಚರ ಬೇಕು. ಗರ್ಭಿಣಿಯರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಪರಿಚಯದವರಿಗೆ ವಾಸಿಯಾಯಿತೆಂದು ಅವರ ಉಳಿದ ಮಾತ್ರೆಯನ್ನು ಕೇಳಿ ಪಡೆದು ನುಂಗುವುದು ಎಷ್ಟು ಅಪಾಯದ ಕೆಲಸ ಎಂಬುದು ಇದರಿಂದ ತಿಳಿಯುತ್ತದೆ.

ಕಟ್ಟುಹಲ್ಲು ಧರಿಸುವವರಿಗೆ

ಈ ಗುಂಪಿನವರಿಗೆ ನಾನು ಹೆಚ್ಚು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇವರಲ್ಲಿ ಶಿಲೀಂಧ್ರ ಅಂಗುಳಿನಲ್ಲಿ ಮಾತ್ರವಲ್ಲ, ಸೆಟ್ಟಿನಲ್ಲೇ ನೆಲೆಸಿರುತ್ತದೆ. ಸೆಟ್ ಮಾಡುವ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ನೋಡಲು ನುಣುಪಾಗಿದ್ದರೂ ಅದರ ಒಳಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಅಲ್ಲಿ ಪಾಚಿಯಂತೆ ಜೀವಪದರ ಕಟ್ಟಿಕೊಳ್ಳುವ ಕ್ಯಾಂಡಿಡಾಗೆ ಬಾಯಿಗೆ ಹಾಕಿದ ಔಷಧಿ ಸರಿಯಾಗಿ ತಲುಪುವುದಿಲ್ಲ. ಎರಡು ವಾರ ಔಷಧಿ ಹಾಕಿ ಅಂಗುಳನ್ನು ಗುಣಪಡಿಸಿಕೊಂಡು, ಅದೇ ಕೊಳಕು ಸೆಟ್ಟನ್ನು ಮತ್ತೆ ಧರಿಸಿದರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಮೊದಲ ನಿಯಮ, ರಾತ್ರಿ ಮಲಗುವಾಗ ಸೆಟ್ ಬಾಯಲ್ಲಿ ಇರಬಾರದು. ಸೌಮ್ಯವಾದ ಸೋಂಕು ಎಷ್ಟೋ ಸಲ ಇದೊಂದರಿಂದ ಮತ್ತು ಶುಚಿತ್ವದಿಂದಲೇ ಇಳಿಯುತ್ತದೆ. ನೀರು ತುಂಬಿದ ಬೇಸಿನ್ನಿನ ಮೇಲೆ ಹಿಡಿದು, ಕೈಜಾರಿದರೂ ಒಡೆಯದಂತೆ, ಮೆತ್ತನೆಯ ಬ್ರಷ್ ಮತ್ತು ಸಾಬೂನಿನಿಂದ ಸೆಟ್ಟನ್ನು ಉಜ್ಜಬೇಕು. ಎಲ್ಲರೂ ಹಲ್ಲಿರುವ ಹೊರಬದಿಯನ್ನು ಹೊಳೆಯುವಂತೆ ಉಜ್ಜುತ್ತಾರೆ. ಶಿಲೀಂಧ್ರ ಇರುವುದು ಅಂಗುಳಿಗೆ ತಾಗುವ ಒಳಬದಿಯಲ್ಲಿ. ಗರಸು ಹಲ್ಲುಪುಡಿ ಬಳಸಿದರೆ ಗೀರು ಬಿದ್ದು ಸೂಕ್ಷ್ಮಜೀವಿಗಳಿಗೆ ಹೊಸ ಅಡಗುತಾಣ ಸಿಗುತ್ತದೆ. ಉಜ್ಜಿದ ನಂತರ ಸೆಟ್ಟನ್ನು ಸೋಂಕುನಾಶಕದಲ್ಲಿ ನೆನೆಸಿಡಬೇಕು. ಲೋಹದ ಭಾಗವಿಲ್ಲದ ಅಕ್ರಿಲಿಕ್ ಸೆಟ್ಟಿಗೆ ತೆಳುವಾದ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ ಆಗುತ್ತದೆ. ಲೋಹದ ಕೊಕ್ಕೆ ಅಥವಾ ತಟ್ಟೆ ಇದ್ದರೆ ಅದು ತುಕ್ಕು ತರಿಸುವುದರಿಂದ 0.2 ಶೇಕಡದ ಕ್ಲೋರ್‌ಹೆಕ್ಸಿಡಿನ್‌ನಲ್ಲಿ 15 ನಿಮಿಷ, ದಿನಕ್ಕೆ 2 ಬಾರಿ ನೆನೆಸುತ್ತಾರೆ. ಯಾವುದರಲ್ಲಿ ನೆನೆಸಿದರೂ ಧರಿಸುವ ಮುನ್ನ ನೀರಿನಲ್ಲಿ ಚೆನ್ನಾಗಿ ತೊಳೆಯಲೇಬೇಕು. ಅಂಗುಳನ್ನೂ ನಾಲಿಗೆಯನ್ನೂ ಮೆತ್ತನೆಯ ಬ್ರಷ್ಷಿನಿಂದ ದಿನವೂ ಹಗುರವಾಗಿ ಉಜ್ಜಿ. ಮೈಕೋನಜೋಲ್ ಜೆಲ್ ಕೊಟ್ಟಿದ್ದರೆ ಶುಚಿ ಮಾಡಿದ ಸೆಟ್ಟಿನ ಒಳಬದಿಗೆ ತೆಳುವಾಗಿ ಸವರಿ ಧರಿಸಲು ವೈದ್ಯರು ಹೇಳಬಹುದು.

ಹತ್ತಾರು ವರ್ಷ ಹಳೆಯದಾಗಿ ಸಡಿಲವಾದ ಸೆಟ್ ಅಂಗುಳನ್ನು ಉಜ್ಜುತ್ತಲೇ ಇರುತ್ತದೆ. ಅದನ್ನು ಸರಿಹೊಂದಿಸದೆ ಅಥವಾ ಹೊಸದು ಮಾಡಿಸದೆ ಬೇರೆ ದಾರಿ ಇರುವುದಿಲ್ಲ. ಹೊಸ ಸೆಟ್ಟಿನ ಅಳತೆಯನ್ನು ಮಾತ್ರ ಅಂಗುಳಿನ ಊತ ಇಳಿದ ಮೇಲೆ ತೆಗೆಸಿಕೊಳ್ಳಿ. ಊದಿದ ಅಂಗುಳಿನ ಅಚ್ಚಿನಿಂದ ಮಾಡಿದ ಸೆಟ್ ಊತ ಇಳಿದಾಗ ಸಡಿಲವಾಗುತ್ತದೆ.

ಕಟವಾಯಿ ಒಡೆದಾಗ, ಮತ್ತು ಹಸುಗೂಸುಗಳಲ್ಲಿ

ಕಟವಾಯಿಯ ಬಿರುಕಿನಲ್ಲಿ ಕ್ಯಾಂಡಿಡಾ ಒಂದೇ ಇರಬಹುದು, ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ಜೊತೆಗೂಡಿಯೂ ಇರಬಹುದು. ಮೈಕೋನಜೋಲ್ ಕ್ರೀಮ್ ಎರಡಕ್ಕೂ ತಕ್ಕಮಟ್ಟಿಗೆ ನಾಟುವುದರಿಂದ ಅದನ್ನೇ ಮೊದಲು ಕೊಡುವುದುಂಟು. ಹಳದಿ ಹಕ್ಕಳೆ ಕಟ್ಟಿದ್ದರೆ ಬ್ಯಾಕ್ಟೀರಿಯಾಕ್ಕೆ ನಾಟುವ ಫ್ಯೂಸಿಡಿಕ್ ಆಸಿಡ್ ಮುಲಾಮು ಬರೆಯಬಹುದು. ಬಾಯಿಯ ಒಳಗಿನ ಸೋಂಕನ್ನು ಬಿಟ್ಟು ಹೊರಗಿನ ಬಿರುಕಿಗೆ ಮಾತ್ರ ಹಚ್ಚಿದರೆ ಅದು ಮಾಯುವುದಿಲ್ಲ. ಹಲ್ಲುಗಳು ಸವೆದು ಅಥವಾ ಸೆಟ್ಟಿನ ಎತ್ತರ ತಗ್ಗಿ ಬಾಯಿ ಒಳಗೆ ಕುಸಿದಂತಾದವರಲ್ಲಿ ಕಟವಾಯಿಯ ಮಡಿಕೆಯಲ್ಲಿ ಸದಾ ಜೊಲ್ಲು ನಿಲ್ಲುತ್ತದೆ. ಅಲ್ಲಿ ಚಿಕಿತ್ಸೆ ಮಾಡಬೇಕಾದದ್ದು ಹಲ್ಲಿನ ಎತ್ತರಕ್ಕೆ.

ಹಸುಗೂಸುಗಳ ನಾಲಿಗೆಯ ಮೇಲೆ ಉಳಿದ ಹಾಲಿನ ಕರೆ ಸುಲಭವಾಗಿ ಹೋಗುತ್ತದೆ. ಫಂಗಸ್ ಅಷ್ಟು ಸುಲಭವಾಗಿ ಬಿಡುವುದಿಲ್ಲ, ಕೆನ್ನೆಯ ಒಳಗೂ ಇರುತ್ತದೆ. ಮಗುವಿಗೆ ನಿಸ್ಟಾಟಿನ್ ಹನಿಯನ್ನು ಎರಡೂ ಕೆನ್ನೆಗಳ ಒಳಗೆ ಹಂಚಿ ಬಿಡಬೇಕು. ಮೈಕೋನಜೋಲ್ ಜೆಲ್ ಅಂಟಾಗಿರುವುದರಿಂದ ಗಂಟಲಿಗೆ ಅಡರಿ ಉಸಿರು ಕಟ್ಟುವ ಅಪಾಯವಿದೆ. 4 ತಿಂಗಳೊಳಗಿನ ಕೂಸಿಗೆ ಅದನ್ನು ಬಳಸಬಾರದು. ಎದೆಹಾಲು ಕುಡಿಸುವ ತಾಯಿಯ ಮೊಲೆತೊಟ್ಟಿನಲ್ಲಿ ನೋವು, ಕೆಂಪು ಇದ್ದರೆ ತಾಯಿಗೂ ಅದೇ ಸಮಯದಲ್ಲಿ ಚಿಕಿತ್ಸೆ ಆಗಬೇಕು. ಬಾಟಲಿಯ ನಿಪ್ಪಲ್ಲನ್ನು ಕುದಿಸಿ ಶುಚಿಗೊಳಿಸಬೇಕು.

ತಡಮಾಡಬಾರದ ಲಕ್ಷಣಗಳು

ನುಂಗುವಾಗ ನೋವಾದರೆ, ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತೆ ಅನಿಸಿದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು. ಜೆಲ್, ದ್ರವಗಳು ಅಲ್ಲಿಗೆ ಸಾಲವು. ನುಂಗುವ ಮಾತ್ರೆಯೂ ವೈದ್ಯರ ನಿಗಾವೂ ಬೇಕು. ಸಕ್ಕರೆ ಹತೋಟಿ ತಪ್ಪಿದವರಲ್ಲಿ ಅಥವಾ ರೋಗನಿರೋಧಕ ಶಕ್ತಿ ತೀರಾ ಕುಂದಿದವರಲ್ಲಿ ಅಂಗುಳು ಕಪ್ಪಾಗುವುದು, ಮುಖದ ಒಂದು ಬದಿ ಊದಿ ಜೋಮು ಹಿಡಿಯುವುದು, ಮೇಲಿನ ಹಲ್ಲುಗಳು ಇದ್ದಕ್ಕಿದ್ದಂತೆ ಅಲ್ಲಾಡುವುದು ಕಂಡರೆ ಅದು ಕ್ಯಾಂಡಿಡಾ ಅಲ್ಲ, ಮ್ಯೂಕರ್‌ಮೈಕೋಸಿಸ್ ಎಂಬ ಪ್ರಾಣಾಂತಕ ಶಿಲೀಂಧ್ರ ರೋಗ ಇರಬಹುದು. ಆಗ ದಂತವೈದ್ಯರ ಸಮಯಕ್ಕೆ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮರುಭೇಟಿ

ಒಂದೆರಡು ವಾರದ ನಂತರ ಬಾಯಿಯನ್ನು ಮತ್ತೆ ತೋರಿಸಬೇಕು, ಉರಿ ಹೋಗಿದ್ದರೂ ಸರಿ. ತಗ್ಗದಿದ್ದರೆ ವೈದ್ಯರು ಔಷಧಿ ಬದಲಿಸುವ ಮೊದಲು ಮೂರು ಸಂಗತಿಗಳನ್ನು ಪರಿಶೀಲಿಸುತ್ತಾರೆ: ಔಷಧಿ ಸರಿಯಾಗಿ ಬಳಕೆಯಾಯಿತೇ, ಮೂಲ ಕಾರಣ ಇನ್ನೂ ಉಳಿದಿದೆಯೇ, ಮೊದಲು ಗುರುತಿಸಿದ ರೋಗವೇ ಸರಿಯೇ. ಇವೆಲ್ಲ ಸರಿಯಿದ್ದೂ ಸೋಂಕು ನಿಂತಿದ್ದರೆ ಕಲ್ಚರ್ ಮಾಡಿಸಿ ಯಾವ ಜಾತಿಯ ಕ್ಯಾಂಡಿಡಾ ಎಂದು ನೋಡುತ್ತಾರೆ. ಕ್ಯಾಂಡಿಡಾ ಕ್ರುಸೈ ಎಂಬ ಜಾತಿಗೆ ಫ್ಲುಕೋನಜೋಲ್ ಸ್ವಭಾವತಃ ನಾಟುವುದಿಲ್ಲ, ಕ್ಯಾಂಡಿಡಾ ಗ್ಲಾಬ್ರಾಟಾಗೆ ಅಷ್ಟಾಗಿ ನಾಟುವುದಿಲ್ಲ. ಇಂಥವಕ್ಕೆ ಬೇರೆ ಔಷಧಿ ಆರಿಸಬೇಕಾಗುತ್ತದೆ.

ಮರುಭೇಟಿಗೆ ಬರುವಾಗ ನಿಸ್ಟಾಟಿನ್ ಔಷಧಿಯ ಬಾಟಲಿಯನ್ನು ಹಾಗೆಯೇ ತನ್ನಿ. ಪ್ರತಿ ಬಾರಿ 4 ಮಿಲಿಲೀಟರಿನಂತೆ ದಿನಕ್ಕೆ 4 ಬಾರಿ 7 ದಿನ ಬಳಸಿದ್ದರೆ 112 ಮಿಲಿಲೀಟರ್ ಮುಗಿದಿರಬೇಕು. ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಬೆಳಕಿಗೆ ಹಿಡಿದು ನೋಡಿದರೆ, ಮಾತ್ರೆಗೆ ಬದಲಿಸಬೇಕೋ ಅದೇ ಔಷಧಿಯನ್ನು ಇನ್ನೊಂದು ವಾರ ಸರಿಯಾಗಿ ಬಳಸಿದರೆ ಸಾಕೋ ಎಂದು ವೈದ್ಯರು ನಿರ್ಧರಿಸಲು ಅನುಕೂಲವಾಗುತ್ತದೆ.